ಬಿಜಲಿಗೆ ದಾರಿ ಬಿಡುವವರ ಮನೆ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಪಶು ಪರೀಕ್ಷಕಿಯಾಗಿ ದುಡಿದು ನಿವೃತ್ತಳಾದವಳು ನಾನು. ಈಗ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. ಹಸು ಎಮ್ಮೆಗಳ ವಿಷಯದಲ್ಲಿ ಅವರಿಗೆ ನಾನು ಹೇಳಿಕೊಡುವುದು ಏನೂ ಉಳಿದಿಲ್ಲ, ಅವರೇ ನನಗೆ ನಾಲ್ಕು ಹೊಸ ಔಷಧಿಯ ಹೆಸರು ಹೇಳಿ ಹೋಗುತ್ತಾರೆ. ಆದರೆ ಕುದುರೆಯ ಮಾತು ಬಂದರೆ ಸಾಕು, ಎಲ್ಲರ ಮುಖವೂ ನನ್ನ ಮೊದಲ ವರ್ಷದ ಮುಖದಂತಾಗುತ್ತದೆ. ಅದಕ್ಕಾಗಿ ಕುದುರೆಯ ಬಗ್ಗೆಯೇ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವಾಗ ತಪ್ಪಿತು ಎಂಬುದೆಲ್ಲ ಸರ್ವಿಸ್ ರಿಜಿಸ್ಟರಿನಲ್ಲಿದೆ, ಬೇಕಾದವರು ಅಲ್ಲಿ ನೋಡಿಕೊಳ್ಳಲಿ.

ನನ್ನ ಎತ್ತರ ಐದಡಿಗೆ ಒಂದು ಇಂಚು ಕಡಿಮೆ. ಜನ ಬಾಯ್ತುಂಬ ಡಾಕ್ಟ್ರಮ್ಮ ಎನ್ನುತ್ತಿದ್ದರು. ನಾನು ಡಾಕ್ಟರಲ್ಲ, ಪರೀಕ್ಷಕಿ ಎಂದು ಮೊದಮೊದಲು ತಿದ್ದುತ್ತಿದ್ದೆ, ಆಮೇಲೆ ಸುಸ್ತಾಗಿ ಬಿಟ್ಟೆ. ತರಬೇತಿಯಲ್ಲಿ ಕುದುರೆಗೆಂದು ಇಟ್ಟದ್ದು ಅರ್ಧ ದಿನ. ಆ ಅರ್ಧ ದಿನ ನಾನು ಜ್ವರ ಎಂದು ರಜೆ ಹಾಕಿದ್ದೆ. ಹೀಗಾಗಿ ನನ್ನ ಕುದುರೆಯ ವಿದ್ಯೆ ಶುರುವಾದದ್ದು ಕೆಸರಿನಲ್ಲಿ.

ಕೆಲಸಕ್ಕೆ ಸೇರಿದ ಮೊದಲ ಬೇಸಿಗೆ. ಅಂಬ್ಲಿಗೊಳ ಜಲಾಶಯದ ನೀರು ಹಾಯುವ ಗದ್ದೆಗಳಲ್ಲಿ ಕೊಯ್ಲು ಮುಗಿದು, ಗೊಬ್ಬರಕ್ಕೆಂದು ರೈತರು ಕುರಿ ಹಿಂಡು ನಿಲ್ಲಿಸಿಕೊಂಡಿದ್ದರು. ಬಡಗಣ ಸೀಮೆಯಿಂದ ಬರುವ ಕುರಿಗಾರರು ಪಾತ್ರೆ, ಬಲೆ, ಕಂಬಳಿ, ಆಗಷ್ಟೇ ಹುಟ್ಟಿದ ಮರಿ, ಎಲ್ಲವನ್ನೂ ಗಿಡ್ಡ ಕುದುರೆಗಳ ಮೇಲೆ ಹೇರಿಕೊಂಡು ತಿರುಗುತ್ತಾರೆ. ಈ ಗಿಡ್ಡ ಕುದುರೆಗೆ ತಟ್ಟು ಎನ್ನುತ್ತಾರೆ. ಒಂದು ತಟ್ಟಿನ ಬೆನ್ನು ಹೇರು ಉಜ್ಜಿ ಹುಣ್ಣಾಗಿದೆ ಎಂದು ಕರೆ ಬಂತು. ನಾನು ಹಸುವಿನ ಬಳಿ ಹೋಗುವಂತೆ ನೆಟ್ಟಗೆ ಅದರ ಮುಖಕ್ಕೇ ಹೋದೆ. ಧೈರ್ಯ ತೋರಿಸಬೇಕೆಂದು ಎದೆ ಸೆಟೆಸಿ, ಅದರ ಕಣ್ಣನ್ನೇ ದುರುಗುಟ್ಟಿ ನೋಡುತ್ತ, ಹಗ್ಗಕ್ಕೆ ಕೈ ಚಾಚಿದೆ. ತಟ್ಟು ಗಿರ್ರನೆ ತಿರುಗಿತು. ಅದರ ಸೊಂಟ ನನಗೆ ತಾಗಿ, ಔಷಧಿ ಡಬ್ಬದ ಸಮೇತ ಕಾಲುವೆಯ ಕೆಸರಿಗೆ ಬಿದ್ದೆ.

ತಟ್ಟಿನ ಒಡತಿ ಮಾಳವ್ವ ಎಂಬ ಹೆಂಗಸು. ಮೊದಲು ಹೊಟ್ಟೆ ತುಂಬ ನಕ್ಕಳು, ಆಮೇಲೆ ಕೈ ಹಿಡಿದು ಎಬ್ಬಿಸಿದಳು.

"ಜಗಳಕ್ಕ ಹೊಂಟಂಗ ಹೊಂಟಿಯಲ್ಲವ್ವ ತಂಗಿ. ನೀ ಔಷಧ ತಂದೀ ಅಂತ ಅದಕ್ಕ ಹೆಂಗ ತಿಳೀಬೇಕು? ಎದಿ ಅದರ ಕಡೆ ಮಾಡಬ್ಯಾಡ, ಭುಜ ಮಾಡು. ಕಣ್ಣಾಗ ಕಣ್ಣಿಟ್ಟು ನೋಡಬ್ಯಾಡ. ನೆಟ್ಟಗ ಹೋಗಬ್ಯಾಡ, ಬಳಸಿ ಹೋಗು."

ಹೇಳಿದಂತೆ ಮಾಡಿದೆ. ಭುಜ ಕೊಟ್ಟು, ನೆಲ ನೋಡುತ್ತ, ಏನೋ ಕಳೆದುಕೊಂಡು ಹುಡುಕುವವಳಂತೆ ಅರ್ಧ ಸುತ್ತು ಹಾಕಿ ಅದರ ಕುತ್ತಿಗೆಯ ಪಕ್ಕಕ್ಕೆ ಬಂದೆ. ತಟ್ಟು ಅಲ್ಲಾಡಲಿಲ್ಲ. ಹುಣ್ಣು ತೊಳೆದು ಮುಲಾಮು ಹಚ್ಚಿ ಮುಗಿಸುವಾಗ ಇನ್ನೊಂದು ತಟ್ಟು ಮಾಳವ್ವನ ನೀರಿನ ಪಾತ್ರೆಗೆ ಮೂತಿ ತೂರಿಸಲು ಬಂತು. ಆಕೆ ಹೊಡೆಯಲಿಲ್ಲ, ಕೂಗಲಿಲ್ಲ. ಎದೆಯನ್ನು ಅದರ ಕಡೆ ತಿರುಗಿಸಿ ಒಂದೇ ಹೆಜ್ಜೆ ಇಟ್ಟಳು. ಅದು ಮೂರು ಹೆಜ್ಜೆ ಹಿಂದೆ ಹೋಯಿತು.

"ಇದ್ಯಾಕೆ ಹೆದರಿತು?" ಎಂದೆ.

"ಹೆದರಲಿಲ್ಲವ್ವ. ಯಾರು ಯಾರನ್ನ ಸರಸ್ತಾರ ಅವ್ರು ದೊಡ್ಡವ್ರು. ಕುದುರಿಗೋಳ ನಡುವ ಇಷ್ಟ ಕಾಯ್ದೆ ಇರೋದು" ಎಂದಳು.

ಆ ಕಾಯ್ದೆಯನ್ನು ಯಾವ ಪುಸ್ತಕವೂ ಅಷ್ಟು ಚಿಕ್ಕದಾಗಿ ಹೇಳಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಸೊರಬಕ್ಕೆ ವರ್ಗವಾದಾಗ ಅಲ್ಲಿದ್ದ ನಮ್ಮ ಪಶುವೈದ್ಯ ಸಾಹೇಬರು ಬೇರೆ ಕಾಯ್ದೆಯವರು. ಆರಡಿ ಆಳು, ದಪ್ಪ ಮೀಸೆ, ಒಳ್ಳೆಯ ಮನಸ್ಸು, ಕೆಟ್ಟ ಅವಸರ. ಕುದುರೆ ಬಂತೆಂದರೆ ನಾಲ್ಕು ಜನ ಗಂಡಸರನ್ನು ಕರೆಸಿ, ಅದರ ಮೇಲ್ದುಟಿಗೆ ಹಗ್ಗದ ಕುಣಿಕೆ ಹಾಕಿ ಕೋಲಿನಿಂದ ತಿರುಚಿಸುತ್ತಿದ್ದರು. ನೋವಿಗೆ ಕುದುರೆ ಸ್ತಬ್ಧವಾಗುತ್ತಿತ್ತು. ಆಗ ಎಲ್ಲ ಕಡೆ ನಡೆಯುತ್ತಿದ್ದ ಪದ್ಧತಿಯೇ ಅದು, ಅವರೊಬ್ಬರನ್ನೇ ದೂರುವುದು ತರವಲ್ಲ. ಒಮ್ಮೆ ಮುಳ್ಳುತಂತಿಗೆ ಸಿಕ್ಕು ತೊಡೆ ಹರಿದುಕೊಂಡ ಕುದುರೆ ಬಂತು. ನಾಲ್ವರು ಹಗ್ಗ ಹಿಡಿದು ನಿಂತಿದ್ದರು, ಕುದುರೆ ಗಡಗಡ ನಡುಗುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಸಾರ್, ಒಂದೈದು ನಿಮಿಷ ನನಗೆ ಬಿಡ್ತೀರಾ?"

ಸಾಹೇಬರು ನನ್ನ ಎತ್ತರ ನೋಡಿದರು, ಕೈಗಡಿಯಾರ ನೋಡಿದರು. ನಾಲ್ವರನ್ನೂ ದೂರ ಕಳಿಸಿ ನಾನು ಭುಜ ಕೊಟ್ಟು ಸುಮ್ಮನೆ ನಿಂತೆ. ಉದ್ದಕ್ಕೆ ಉಸಿರು ಬಿಟ್ಟೆ. ಕುದುರೆ ನನ್ನತ್ತ ಒಂದು ಕಿವಿ ತಿರುಗಿಸಿತು. ನಾನು ಎರಡು ಹೆಜ್ಜೆ ದೂರ ಹೋದೆ, ಮತ್ತೆ ಬಳಸಿ ಹತ್ತಿರ ಬಂದೆ. ಕೊನೆಗೆ ಅದು ತಲೆ ತಗ್ಗಿಸಿ ತುಟಿ ಚಪ್ಪರಿಸಿತು. ನೆನಪಿಟ್ಟುಕೊಳ್ಳಿ, ಕುದುರೆ ತಲೆ ತಗ್ಗಿಸಿ ಬಾಯಿ ಚಪ್ಪರಿಸಿದರೆ ಅದರ ಮನಸ್ಸು ಶಾಂತವಾಯಿತೆಂದು ಅರ್ಥ. ಧನುರ್ವಾಯು ಇಂಜೆಕ್ಷನ್ ಕೊಟ್ಟು, ಗಾಯ ತೊಳೆದದ್ದಾಯಿತು.

"ಇದು ಪುಸ್ತಕದಾಗಿಲ್ಲ ಕಣಮ್ಮ" ಎಂದರು ಸಾಹೇಬರು.

"ಹೌದು ಸಾರ್."

"ರಿಪೋರ್ಟಲ್ಲಿ ಏನಂತ ಬರೀತೀಯ?"

"ಇಂಜೆಕ್ಷನ್ ಕೊಡಲಾಯಿತು ಅಂತ ಬರೀತೀನಿ ಸಾರ್."

ಅಂದಿನಿಂದ ಕುದುರೆ ಬಂದರೆ ನನ್ನನ್ನೇ ಕಳಿಸಿ, ತಾವು ಜೀಪಿಗೆ ಒರಗಿ ನಿಂತು ನೋಡುತ್ತಿದ್ದರು. ಮೇಲ್ದುಟಿಯ ಹಗ್ಗ ಮೂಲೆ ಸೇರಿತು. ಅದನ್ನು ಎಸೆಯಿರಿ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇಷ್ಟಾದ ಮೇಲೆ ನನಗೆ ಸ್ವಲ್ಪ ಕೊಂಬು ಬಂತು. ಗುಡವಿ ಪಕ್ಷಿಧಾಮದ ಕೆರೆಯ ಹತ್ತಿರ ಒಬ್ಬರ ಮನೆಯ ಎಳೆ ಕುದುರೆ ಎಲ್ಲರನ್ನೂ ನೂಕಿಕೊಂಡು ಓಡಾಡುತ್ತಿತ್ತು. ಬುದ್ಧಿ ಕಲಿಸಿಕೊಡುತ್ತೇನೆ ಎಂದು ಹೋದೆ. ಊರಿನವರು ಬೇಲಿಯ ಸುತ್ತ ನೆರೆದರು. ನಾನು ಎದೆ ತಿರುಗಿಸಿ ಹೆಜ್ಜೆ ಇಟ್ಟೆ, ಅದು ಹಿಂದೆ ಸರಿಯಿತು. ಜನ ಆಹಾ ಎಂದರು. ಮತ್ತೊಂದು ಹೆಜ್ಜೆ ಇಟ್ಟೆ. ಕುದುರೆ ತಲೆ ತಗ್ಗಿಸಿತು, ಬಾಯಿ ಚಪ್ಪರಿಸಿತು. ಸಾಕು, ಒಪ್ಪಿದೆ ಎಂದು ಅದು ಹೇಳಿದ್ದು ನನಗೆ ಕಾಣಲೇ ಇಲ್ಲ, ನನ್ನ ಕಣ್ಣು ಜನರ ಮೇಲಿತ್ತು. ಇನ್ನೂ ಮುಂದೆ ಹೋದೆ. ಕುದುರೆಗೆ ಹೋಗಲು ಜಾಗವೇ ಉಳಿಯದೆ ಬೇಲಿ ಹಾರಿ ಕೆರೆಯತ್ತ ಓಡಿತು. ಗೂಡು ಕಟ್ಟಿದ್ದ ಹಕ್ಕಿಗಳೆಲ್ಲ ಒಟ್ಟಿಗೆ ಮೇಲೆದ್ದವು. ಪಕ್ಷಿಧಾಮದ ಕಾವಲುಗಾರ ಓಡಿ ಬಂದ.

"ಏನ್ ಮೇಡಂ, ಮೊಟ್ಟೆ ಮೇಲೆ ಕೂತಿದ್ದ ಹಕ್ಕೀನೆಲ್ಲ ಎಬ್ಸಿಬಿಟ್ರಲ್ಲ. ಕುದ್ರೆ ನಿಮ್ದಾ?"

"ಅಲ್ಲ."

"ಮತ್ತೆ ಯಾಕೆ ಓಡ್ಸಿದ್ರಿ?"

ಕುದುರೆಯನ್ನು ಹಿಡಿದು ತರಲು ಮಧ್ಯಾಹ್ನವಾಯಿತು, ಅದು ನನ್ನ ಹತ್ತಿರ ಮತ್ತೆ ಬರಲೇ ಇಲ್ಲ. ಕುದುರೆ ಒಪ್ಪಿದ ಕ್ಷಣವೇ ನಾವು ತಣ್ಣಗಾಗಬೇಕು, ಭುಜ ಇಳಿಸಿ ಮುಖ ತಿರುಗಿಸಬೇಕು. ಅದು ತಿಳಿಯದವರು ಸರಿಸಲು ಹೋಗಲೇಬಾರದು.

ಈಗ ಖಾಸಿಂ ಸಾಬರ ಮನೆಯ ವಿಷಯಕ್ಕೆ ಬರುತ್ತೇನೆ. ನಿಜ ಹೇಳಬೇಕೆಂದರೆ ಇದನ್ನು ಬರೆಯಲೆಂದೇ ಮೇಲಿನದೆಲ್ಲ ಬರೆದೆ.

ಖಾಸಿಂ ಸಾಬರು ಶಿಕಾರಿಪುರದವರು. ಅವರ ತಂದೆ ಜಟಕಾ ಹೊಡೆಯುತ್ತಿದ್ದರು. ಆಟೋ ಬಂದು ಜಟಕಾ ನಿಂತ ಮೇಲೆ ಇವರು ಮದುವೆ ಮೆರವಣಿಗೆಗೆ ಕುದುರೆ ಕಟ್ಟಿದರು. ಎಲ್ಲ ಜಾತಿಯ ಮದುಮಕ್ಕಳೂ ಅವರ ಕುದುರೆಯ ಮೇಲೆ ಕೂತಿದ್ದಾರೆ. ನಾನು ಬಲ್ಲದ್ದು ಅವರ ಕೊನೆಯ ಕುದುರೆ, ಬಿಜಲಿ ಎಂಬ ಬಿಳಿಯ ಹೆಣ್ಣು ಕುದುರೆ. ಕಿವಿಯ ಪಕ್ಕದಲ್ಲೇ ಬ್ಯಾಂಡು, ಕಾಲ ಬುಡದಲ್ಲಿ ಪಟಾಕಿ, ಬೆನ್ನ ಮೇಲೆ ಹೆದರಿದ ಮದುಮಗ. ಅಂಥ ಗದ್ದಲದಲ್ಲೂ ಖಾಸಿಂ ಸಾಬರು ಭುಜ ಇಳಿಬಿಟ್ಟು ನಿಂತರೆ ಬಿಜಲಿಯೂ ಒಂದು ಹಿಂಗಾಲು ಸಡಿಲ ಬಿಟ್ಟು ನಿಲ್ಲುತ್ತಿತ್ತು. ಅವರು ಹೆಜ್ಜೆ ತೆಗೆದರೆ ತೆಗೆಯುತ್ತಿತ್ತು. ಲಗಾಮು ಬರೀ ನೋಡುವವರಿಗಾಗಿ.

"ನಾನು ಹೆದರಿದ್ರೆ ಅದೂ ಹೆದರ್ತೈತಿ ಡಾಕ್ಟ್ರಮ್ಮ. ಅದಕ್ಕೆ ಒಳಗೆ ಎಷ್ಟೇ ಪುಕಪುಕ ಅಂದ್ರೂ ಭುಜಕ್ಕೆ ಗೊತ್ತಾಗೋಕೆ ಬಿಡಲ್ಲ" ಎಂದು ಒಮ್ಮೆ ಹೇಳಿದ್ದರು.

ನಾನು ನಿವೃತ್ತಳಾಗುವ ವರ್ಷ ಅವರಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು, ಮಾತು ತೊದಲಿತು. ಆಸ್ಪತ್ರೆಯಿಂದ ಬಂದ ದಿನ ಗೋಡೆ ಹಿಡಿದು, ಕಾಲು ಎಳೆಯುತ್ತ ಅಂಗಳಕ್ಕೆ ಹೋದರಂತೆ. ಬಿಜಲಿ ಆ ಎಳೆಯುವ ಕಾಲಿನ ಸದ್ದಿಗೆ ಬೆಚ್ಚಿ ಬೆನ್ನು ತಿರುಗಿಸಿತು. ಅದಕ್ಕೆ ಗೊತ್ತಿದ್ದದ್ದು ಅವರ ನಡಿಗೆ, ಆ ನಡಿಗೆ ಈಗ ಇರಲಿಲ್ಲ. ಖಾಸಿಂ ಸಾಬರು ಮರಳಿ ಬಂದು ಮಂಚದ ಮೇಲೆ ಮಲಗಿದರು. ಬಿಜಲಿ ಮಾತ್ರ ದಿನದಿನಕ್ಕೂ ಒರಟಾಯಿತು. ಯಾರೂ ಮುಂದೆ ನಿಲ್ಲದ ಮೇಲೆ ತಾನೇ ಎಲ್ಲವನ್ನೂ ಕಾಯಬೇಕೆಂದು ಅದಕ್ಕೆ ಅನಿಸಿರಬೇಕು. ಲಾಳ ಬಡಿಯಲು ಬಂದವನನ್ನು ಅಟ್ಟಿತು, ಖಾಸಿಂ ಸಾಬರ ತಮ್ಮ ರಹಮಾನರ ಭುಜ ಕಚ್ಚಿತು.

ರಹಮಾನ್ ಸೈಕಲ್ ಶಾಪಿನವರು, ಕೆಟ್ಟವರಲ್ಲ. ನನ್ನ ಹತ್ತಿರ ಬಂದದ್ದೇ ಅವರು.

"ಶುಕ್ರವಾರ ಹೊರಗಿನಿಂದ ಒಬ್ರು ಗಾಡಿ ತಗೊಂಡು ಬರ್ತಾರ್ರಿ, ಕುದ್ರಿ ಕೊಟ್ಬಿಡ್ತೀವಿ. ಹತ್ಸೋವಾಗ ಮಂಪರು ಬರೋ ಇಂಜೆಕ್ಷನ್ ಒಂದು ಕೊಡ್ರಿ. ಮನ್ಯಾಗೆ ಸಣ್ಣ ಮಕ್ಳು ಓಡಾಡ್ತಾವೆ, ನಾಳೆ ಒಂದಕ್ಕೆ ಒದ್ರೆ ಏನ್ ಮಾಡಾದು?"

ಅವರ ಮಾತಿನಲ್ಲಿ ತಪ್ಪು ಹುಡುಕಲಾಗಲಿಲ್ಲ. ಕುದುರೆಯನ್ನು ಒಮ್ಮೆ ನೋಡಿ ಹೇಳುತ್ತೇನೆ ಎಂದು ಸೋಮವಾರ ಅವರ ಮನೆಗೆ ಹೋದೆ. ಖಾಸಿಂ ಸಾಬರ ಹೆಂಡತಿ ಜೈತುನ್‌ಬಿ ನನ್ನನ್ನು ಅಡುಗೆಮನೆಗೆ ಕರೆದು ಕೂರಿಸಿದರು.

"ಫಿಸಿಯೋದವ್ರು ಬಂದ್ರೆ ಕಣ್ಣು ಮುಚ್ಕೊಂತಾರ್ರಿ. ಬಿಜಲಿ ಕೆನೆದ್ರೆ ಮಾತ್ರ ಕಿಟಕಿ ಸರಳು ಹಿಡ್ಕೊಂಡು ಎದ್ದು ಕೂರ್ತಾರೆ. ಅದೊಂದೇ ಅವರ ಕಸರತ್ತು. ಅದು ಹೋದ್ರೆ ಗೋಡೆ ಕಡೆ ತಿರುಗಿ ಮಲಗಿಬಿಡ್ತಾರೆ, ನಂಗೊತ್ತು. ಏನಾದ್ರೂ ಮಾಡ್ರಿ ಡಾಕ್ಟ್ರಮ್ಮ."

ಸ್ವಲ್ಪ ಸಮಯ ಕೊಡಿ ಎಂದು ರಹಮಾನರನ್ನು ಕೇಳಿದೆ. ಗುರುವಾರದೊಳಗೆ ಮನೆಯವರ ಪೈಕಿ ಯಾರಾದರೂ ಒಬ್ಬರು ಬಿಜಲಿಯನ್ನು ಹಿಡಿದು ನಡೆಸುವಂತಾದರೆ ಗಾಡಿ ಬೇಡ ಎನ್ನುತ್ತೇನೆ ಎಂದು ಒಪ್ಪಿದರು.

ಸೋಮವಾರ ಉಳಿದ ಹೊತ್ತು, ಮಂಗಳವಾರ ಇಡೀ ದಿನ, ನಾನೇ ಬಿಜಲಿಯೊಂದಿಗೆ ಅಂಗಳದಲ್ಲಿ ನಿಂತೆ. ಮಂಗಳವಾರ ಸಂಜೆಗೆ ಅದು ನನ್ನ ಭುಜದ ಹಿಂದೆ ಹಗ್ಗವಿಲ್ಲದೆ ನಡೆಯಿತು. ನಾನು ಹಿಗ್ಗಿಹೋದೆ. ಜೈತುನ್‌ಬಿ ಚಹಾ ಕೊಡುತ್ತ, "ನಾಳಿದ್ದು ನೀವು ಬರದಿದ್ರೆ?" ಎಂದು ಮೆಲ್ಲಗೆ ಕೇಳಿದರು. ನಾನು ಲೋಟ ಕೆಳಗಿಟ್ಟೆ. ಬಿಜಲಿ ನನ್ನ ಮಾತು ಕೇಳಿದರೆ ಬಂದದ್ದೇನು, ನಾನು ಸಂಜೆ ಬಸ್ ಹತ್ತಿ ಹೋಗುವವಳು. ಇದ್ದ ದಿನಗಳಲ್ಲಿ ಅರ್ಧವನ್ನು ನನ್ನ ಜಂಬಕ್ಕೆ ಸುರಿದಿದ್ದೆ. ಇಷ್ಟು ವರ್ಷದ ಅನುಭವ ಇಟ್ಟುಕೊಂಡು ಇಂಥ ದಡ್ಡತನ ಮಾಡಿದೆನಲ್ಲ ಎಂದು ರಾತ್ರಿಯೆಲ್ಲ ಚುಚ್ಚುತ್ತಿತ್ತು.

ಬುಧವಾರ ಬೆಳಿಗ್ಗೆ ಕುದುರೆಯನ್ನು ಬಿಟ್ಟು ಮನೆಯವರನ್ನು ನೋಡುತ್ತ ಕೂತೆ. ಜೈತುನ್‌ಬಿ ನೀರಿನ ಬಕೆಟ್ ಹಿಡಿದು ಅಂಗಳಕ್ಕೆ ಬಂದರು. ಬಿಜಲಿ ಅವರತ್ತ ನಡೆದು ಬಂತು. ಅವರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಗೋಡೆಗೆ ಸರಿದು ನಿಂತರು. ಹುರುಳಿ ಇಡುವಾಗಲೂ ಹಾಗೆಯೇ, ಲದ್ದಿ ಬಳಿಯುವಾಗಲೂ ಹಾಗೆಯೇ. ಒಂದು ತಾಸಿನೊಳಗೆ ಏಳು ಸಲ ಸರಿದರು.

"ಯಾಕೆ ಸರೀತೀರಿ?" ಎಂದು ಕೇಳಿದೆ.

"ಎಲ್ಲಿ ಸರಿದೆ?" ಎಂದರು. ಅವರಿಗೆ ಅದು ಗೊತ್ತೇ ಇರಲಿಲ್ಲ.

ಆಮೇಲೆ ಯೋಚಿಸಿ ಹೇಳಿದರು. ಸೊಸೆಯಾಗಿ ಬಂದಾಗ ಅತ್ತೆ ಕಲಿಸಿದ್ದಂತೆ, ಮದುಮಗನನ್ನು ಹೊರುವ ಜೀವ ಅದು, ಮನೆಯ ಹೆಂಗಸರು ಅದರ ದಾರಿಗೆ ಅಡ್ಡ ನಿಲ್ಲಬಾರದು. ಬಿಜಲಿಗಿಂತ ಮೊದಲಿದ್ದ ಕುದುರೆಗಳಿಗೂ ಹೀಗೆಯೇ ದಾರಿ ಬಿಟ್ಟಿದ್ದರು. ಮನೆಯ ಎಲ್ಲ ಹೆಂಗಸರೂ ಬಿಡುತ್ತಿದ್ದರು. ಅದು ಮರ್ಯಾದೆ. ಆದರೆ ಕುದುರೆಯ ಲೆಕ್ಕದಲ್ಲಿ, ದಿನಕ್ಕೆ ಹತ್ತಾರು ಸಲ ತನಗೆ ದಾರಿ ಬಿಡುವ ಈ ಹೆಂಗಸು ತನಗಿಂತ ಚಿಕ್ಕವಳು. ತನಗೆ ಮೇವು ಹಾಕುವವಳನ್ನೇ ಅದು ನೂಕುತ್ತಿದ್ದದ್ದು ಅದಕ್ಕೆ.

ಕುದುರೆಯನ್ನು ಲಾಯಕ್ಕೆ ಕಟ್ಟಿ, ನಾನೇ ಬಿಜಲಿಯಾಗಿ ಅಂಗಳದಲ್ಲಿ ನಿಂತೆ. ನನ್ನನ್ನು ಹಿಂದೆ ಸರಿಸಿ ನೋಡೋಣ ಎಂದೆ. ಜೈತುನ್‌ಬಿ ಎರಡು ಹೆಜ್ಜೆ ಬಂದರು, ನಾನು ಮುಂದೆ ಬಂದ ಕೂಡಲೇ ನಗುತ್ತ ಪಕ್ಕಕ್ಕೆ ಸರಿದರು. ಹತ್ತು ಸಲವೂ ಅದೇ.

"ಎದೆ ಕೊಟ್ಟು ನಿಲ್ಲೋಕೆ ನಾಚ್ಕಿ ಆಗ್ತೈತ್ರಿ ನಂಗೆ. ನಮ್ಮನೆ ಬಾಗಿಲಾಗೆ ನಿಲ್ಲೋವಾಗ್ಲೂ ಓರೆಯಾಗೇ ನಿಲ್ತೀನಿ."

ನನಗೂ ಸೋಲು ಕಾಣಿಸಿತು. ಅಷ್ಟರಲ್ಲಿ ಒಲೆಯ ಮೇಲಿಂದ ಮಸಾಲೆಯ ವಾಸನೆ ಬಂತು. ಏನೋ ಹೊಳೆಯಿತು.

"ಹಬ್ಬದ ದಿನ ಬಿರಿಯಾನಿ ಡೇಗ್ಚಿ ಒಲೆಯಿಂದ ಇಳಿಸಿ ಯಾರು ತರ್ತಾರೆ?"

"ನಾನೇ ರೀ. ಬೇರೆಯವ್ರ ಕೈಗೆ ಕೊಡಲ್ಲ."

"ಆಗ ದಾರೀಲಿ ಯಾರಾದ್ರೂ ಇದ್ರೆ ನೀವು ಸರೀತೀರಾ?"

"ನಾನ್ಯಾಕೆ ಸರೀಲಿ? ಸುಡ್ತೈತಲ್ಲ. ಎಲ್ರೂ ಸರೀತಾರೆ, ಮಾವನವ್ರೂ ಸರೀತಿದ್ರು."

"ಹಂಗೆ ಬನ್ನಿ."

ಜೈತುನ್‌ಬಿ ಕೈಗಳನ್ನು ಡೇಗ್ಚಿ ಹಿಡಿದಂತೆ ಮಾಡಿಕೊಂಡರು. ಬೆನ್ನು ನೆಟ್ಟಗಾಯಿತು, ಹೆಜ್ಜೆ ಗಟ್ಟಿಯಾಯಿತು, ಕಣ್ಣು ಹೋಗಬೇಕಾದ ಕಡೆ ನೆಟ್ಟಿತು. ಬರಿಗೈಯಲ್ಲಿ ಬಂದ ಆ ಹೆಂಗಸಿಗೆ ನಾನು ನಟನೆ ಮರೆತು ನಿಜವಾಗಿಯೇ ಹಿಂದೆ ಸರಿದೆ. ಇಬ್ಬರೂ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಗುರುವಾರ ಬಿಜಲಿಯನ್ನು ಬಿಟ್ಟೆವು. ಮೊದಲ ಸಲ ಜೈತುನ್‌ಬಿ ಹಳೆಯ ರೂಢಿಯಂತೆ ಗೋಡೆ ಸೇರಿದರು. ಎರಡನೆಯ ಸಲವೂ ಸೇರಿದರು. ಮೂರನೆಯ ಸಲ ನಿಂತರು. ಬಿಜಲಿ ಕಿವಿ ಹಿಂದಕ್ಕೆ ಒತ್ತಿ ಕುತ್ತಿಗೆ ಚಾಚಿತು. ಆ ಹೆಂಗಸಿಗೆ ಏನಾದರೂ ಆದರೆ ಪಾಪ ನನ್ನದೇ. ಜೈತುನ್‌ಬಿಯ ಕೈಗಳು ತಾವಾಗಿ ಡೇಗ್ಚಿ ಹಿಡಿದವು. ಒಂದು ಹೆಜ್ಜೆ ಇಟ್ಟರು. ಬಿಜಲಿ ತಲೆ ಎತ್ತಿ ಆಶ್ಚರ್ಯದಿಂದ ನೋಡಿತು. ಇನ್ನೊಂದು ಹೆಜ್ಜೆ ಇಟ್ಟರು. ಬಿಜಲಿ ಹಿಂದೆ ಸರಿಯಿತು.

"ಸಾಕು. ಭುಜ ಇಳಿಸ್ರಿ, ಈ ಕಡೆ ನೋಡ್ರಿ" ಎಂದೆ.

ಜೈತುನ್‌ಬಿ ಉಸಿರು ಬಿಟ್ಟು ನನ್ನ ಕಡೆ ತಿರುಗಿದರು. ಅವರ ಬೆನ್ನ ಹಿಂದೆ ಬಿಜಲಿ ತಲೆ ತಗ್ಗಿಸಿ ಬಾಯಿ ಚಪ್ಪರಿಸುತ್ತಿತ್ತು. ಅದನ್ನು ಅವರು ನೋಡಲಿಲ್ಲ, ನಾನು ನೋಡಿದೆ. ಇನ್ನು ಸುಮ್ಮನೆ ನೀರಿನ ತೊಟ್ಟಿಯ ಕಡೆ ನಡೆಯಿರಿ, ಹಿಂದೆ ತಿರುಗಬೇಡಿ ಎಂದೆ. ಅವರು ನಡೆದರು. ಬಿಜಲಿ ಅವರ ಭುಜದ ಹಿಂದೆ ಹೆಜ್ಜೆಗೆ ಹೆಜ್ಜೆ ಹಾಕಿ ಹೋಯಿತು. ಸಂಜೆಯವರೆಗೆ ಅದನ್ನೇ ಮತ್ತೆ ಮತ್ತೆ ಮಾಡಿದೆವು. ಕತ್ತಲಾಗುವ ಮೊದಲು ಜೈತುನ್‌ಬಿ ಹಗ್ಗ ಹಿಡಿದು ಅದನ್ನು ಬೀದಿಯ ಕೊನೆಯವರೆಗೂ ನಡೆಸಿಕೊಂಡು ಬಂದರು.

ರಹಮಾನ್ ಎಲ್ಲವನ್ನೂ ನೋಡಿದರು. ಆದರೂ ಗಾಡಿಯವರಿಗೆ ಬೇಡ ಎನ್ನಲಿಲ್ಲ.

"ಇವತ್ತು ನೀವು ಇದೀರಿ ಅಂತ ಆಗಿರ್ಬೋದು ಮೇಡಂ. ಕುದ್ರಿ ಭಾಯೀದು, ಭಾಯಿ ನೋಡ್ಲಿ. ಕೊಡೋದೋ ಬಿಡೋದೋ ಅವ್ರೇ ಹೇಳ್ಲಿ" ಎಂದರು.

ಶುಕ್ರವಾರ ನಮಾಜು ಮುಗಿದ ಮೇಲೆ ಖಾಸಿಂ ಸಾಬರನ್ನು ಕುರ್ಚಿಯಲ್ಲಿ ಕೂರಿಸಿ ಅಂಗಳಕ್ಕೆ ತಂದರು. ನಾನು ಬೇಕೆಂದೇ ಬಾಗಿಲ ಒಳಗೆ, ಬಿಜಲಿಗೆ ಕಾಣದ ಹಾಗೆ ನಿಂತೆ. ಜೈತುನ್‌ಬಿ ಲಾಯದಿಂದ ಬಿಜಲಿಯನ್ನು ತಂದು ಅಂಗಳದ ನಡುವೆ ನಿಲ್ಲಿಸಿದರು. ಹಗ್ಗ ಸಡಿಲವಾಗಿ ಜೋತಾಡುತ್ತಿತ್ತು. ಖಾಸಿಂ ಸಾಬರು ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬಾಯಿಯ ಸರಿಯಿದ್ದ ಬದಿಯಿಂದ ನಾಲಿಗೆ ಲೊಚಗುಟ್ಟಿ, ಬಲಗೈ ಚಾಚಿದರು. ಹನ್ನೆರಡು ವರ್ಷ ಬಿಜಲಿಯನ್ನು ಅವರು ಕರೆದದ್ದು ಹಾಗೆಯೇ.

ಬಿಜಲಿ ಕಿವಿ ನಿಮಿರಿಸಿತು. ಆದರೆ ಹೆಜ್ಜೆ ಎತ್ತಲಿಲ್ಲ. ಕುತ್ತಿಗೆ ತಿರುಗಿಸಿ ಜೈತುನ್‌ಬಿಯ ಮುಖ ನೋಡಿತು.

ಖಾಸಿಂ ಸಾಬರ ಕೈ ಗಾಳಿಯಲ್ಲೇ ಇತ್ತು. ನಾನು ಮಾಡಿದ ಒಳ್ಳೆಯ ಕೆಲಸ ಎಂಥದ್ದು ಎಂಬುದು ನನಗೆ ಹೊಳೆದದ್ದು ಆಗಲೇ. ಅವರ ಕುದುರೆಯನ್ನು ಉಳಿಸಲು ಹೋಗಿ ಅವರ ಕೈಯಿಂದಲೇ ಬಿಡಿಸಿದ್ದೆ. ಜೈತುನ್‌ಬಿಯ ಮುಖ ಬಾಡಿಹೋಗಿತ್ತು. "ಹೋಗು, ಅವರು ಕರೀತಾರಲ್ಲ" ಎಂದು ಹೇಳಿ ಹಗ್ಗ ಬಿಟ್ಟು ಬದಿಗೆ ಸರಿದರು. ಬಿಜಲಿ ಆಗ ಹೋಯಿತು. ಮೆಲ್ಲನೆ ಹೋಗಿ ಖಾಸಿಂ ಸಾಬರ ಮಡಿಲಿಗೆ ಮೂತಿ ಇಟ್ಟಿತು.

ಅವರು ಬಲಗೈಯಿಂದ ಅದರ ಹಣೆ ಸವರುತ್ತಿದ್ದರು, ಕಣ್ಣಿಂದ ನೀರು ಇಳಿದು ಗಡ್ಡ ಸೇರುತ್ತಿತ್ತು. ನಾನು ಹತ್ತಿರ ಹೋದೆ, ಏನೋ ಸಮಾಧಾನ ಹೇಳಬೇಕೆಂದು. ಅವರು ತಲೆ ಎತ್ತಿದರು. ಅಳುತ್ತಿದ್ದ ಮುಖದಲ್ಲಿ ಅರ್ಧ ಬಾಯಿ ನಗುತ್ತಿತ್ತು. ತಮ್ಮನನ್ನು ಕರೆದು, ಒಂದೊಂದೇ ಮಾತನ್ನು ಕೂಡಿಸಿ ಹೇಳಿದರು.

"ರಹಮಾನ್... ಗಾಡಿಯವ್ರಿಗೆ ಬೇಡ ಅನ್ನು. ನೋಡಿದ್ಯಲ್ಲ... ನಾನು ಕರೆದ್ರೆ... ಅವಳನ್ನ ಕೇಳಿ ಬರ್ತೈತಿ."